ಮಳೆ ಲೆಕ್ಕ ಬರೆದಿಟ್ಟರೆ ಏನು ಸಿಗುತ್ತೆ?

ಈ ಸಲ ಬಂದ ಪತ್ರಗಳಲ್ಲಿ ಇಬ್ಬರು ‘ದಯವಿಟ್ಟು ಹೆಸರು ಹಾಕಬೇಡಿ’ ಎಂದು ಕೇಳಿಕೊಂಡಿದ್ದಾರೆ. ಒಬ್ಬರದ್ದು ಹಾಕಿ ಇನ್ನೊಬ್ಬರದ್ದು ಬಿಡೋದು ಬೇಡ ಅಂತ ಎಲ್ಲರ ಊರನ್ನು ಮಾತ್ರ ಹಾಕಿದ್ದೇನೆ. ಮೊದಲನೆಯ ಪತ್ರಕ್ಕೆ ಜಾಸ್ತಿ ಜಾಗ ತೆಗೆದುಕೊಂಡಿದ್ದೇನೆ. ಮಳೆಗಾಲಕ್ಕೆ ಇನ್ನು ಎರಡು ತಿಂಗಳೂ ಇಲ್ಲ. ಆ ಮಾತನ್ನು ಈಗಲೇ ಆಡಬೇಕು.

ಪ್ರಶ್ನೆ: ನಮ್ಮ ತಂದೆಯವರು 1988ರಿಂದ ದಿನಾ ಬೆಳಗ್ಗೆ ಮಳೆ ಅಳೆದು ಬರೆದಿಡುತ್ತಿದ್ದರು. ಅವರು ಹೋದ ಮೇಲೆ ನಾನು ಮುಂದುವರಿಸಿದ್ದೇನೆ. ಪುಸ್ತಕಗಳು ಒಂದು ಟ್ರಂಕು ತುಂಬಿವೆ. ಮಗ ಮಾತ್ರ ‘ಅಪ್ಪಯ್ಯ, ಮೊಬೈಲಲ್ಲಿ ಎಲ್ಲ ಬರುತ್ತೆ, ಇದೆಲ್ಲ ಯಾಕೆ?’ ಅನ್ನುತ್ತಾನೆ. ನಿಜವಾಗಿ ಇದರಿಂದ ಉಪಯೋಗ ಇದೆಯಾ ಮೇಡಂ? ಇನ್ನೊಂದು. ತಂದೆಯವರು ತಾರೀಖಿನ ಪಕ್ಕ ಮಳೆ ನಕ್ಷತ್ರವನ್ನೂ ಬರೆದಿದ್ದಾರೆ. ಅದು ಮೂಢನಂಬಿಕೆಯಾ?
– ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ಮೊದಲು ಆ ಟ್ರಂಕನ್ನು ಗೆದ್ದಲು ಬರದ, ನೀರು ಸೋರದ ಜಾಗಕ್ಕೆ ಸಾಗಿಸಿ. ಉಳಿದ ಮಾತು ಆಮೇಲೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಅಪ್ಪಯ್ಯ ಮಳೆ ಲೆಕ್ಕ ಬರೆಯುತ್ತಿದ್ದರು. ಸೊಸೈಟಿಯವರು ಕೊಡುವ ಡೈರಿಯಲ್ಲಿ ದಿನಕ್ಕೊಂದು ಸಾಲು. ‘ಇಂಚು 3, ಸೆಂಟು 40. ಹೊಳೆ ಸಂಕದ ಮಟ್ಟ.’ ಅಷ್ಟೇ. ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಅವರು ತೀರಿಕೊಂಡ ವರ್ಷ ಅಟ್ಟ ಗುಡಿಸುವಾಗ ಆ ಡೈರಿಗಳೆಲ್ಲ ಅಡಿಕೆ ಬೇಯಿಸುವ ಒಲೆಗೆ ಹೋದವು. ನಾನು ಆಗ ಊರಲ್ಲಿರಲಿಲ್ಲ. ಒಂದೇ ಒಂದು ಉಳಿದಿದೆ, 1994ರದ್ದು. ಅದನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಹೊಟ್ಟೆ ಉರಿಯುತ್ತೆ. ಒಂದು ವರ್ಷದ ಲೆಕ್ಕ ಅಂದರೆ ಒಂದು ಕಥೆ. ಮೂವತ್ತು ವರ್ಷದ ಲೆಕ್ಕ ಇದ್ದರೆ ಮಾತ್ರ ಅದನ್ನು ಆ ಜಾಗದ ಹವಾಮಾನ ಅನ್ನಬಹುದು. ಹವಾಮಾನ ಇಲಾಖೆಗಳು ‘ವಾಡಿಕೆ ಮಳೆ’ ಅಂತ ಹೇಳುತ್ತಾರಲ್ಲ, ಅದು ಕೂಡ ಮೂವತ್ತು ವರ್ಷವೋ ಇನ್ನೂ ಹೆಚ್ಚೋ ವರ್ಷಗಳ ಸರಾಸರಿ. ನಿಮ್ಮ ಟ್ರಂಕಿನಲ್ಲಿ ಅಷ್ಟು ಇದೆ. ನಿಮ್ಮದೇ ತೋಟದ ವಾಡಿಕೆ ಮಳೆ ನಿಮ್ಮ ಮನೆಯಲ್ಲೇ ಇದೆ.

ಮಗನ ಮಾತಿಗೆ ಬರೋಣ. ಮೊಬೈಲಿನಲ್ಲಿ ಬರುವುದು ಹೆಚ್ಚಾಗಿ ಅಂದಾಜು. ಎಷ್ಟೋ ಚದರ ಕಿಲೋಮೀಟರಿಗೆ ಸೇರಿ ಒಂದೇ ಅಂಕಿ. ಮಲೆನಾಡಿನಲ್ಲಿ ಮಳೆ ಹಾಗೆ ಸಮನಾಗಿ ಬೀಳೋದಿಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತೆ. ಅಲ್ಲಿಂದ ನೂರು ಕಿ.ಮೀ. ಒಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಗುಡ್ಡದ ಆಚೆ ಮಗ್ಗುಲಿಗೆ ಹೊಯ್ದದ್ದು ಈಚೆ ಮಗ್ಗುಲಿಗೆ ಇಲ್ಲ. ಈಗ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಸರ್ಕಾರದ ಮಳೆ ಮಾಪಕಗಳಿವೆ, ಒಳ್ಳೆಯದೇ. ಆದರೆ ಅವು ಬಂದಿದ್ದು ಈಚೆಗೆ. 1988ರ ಜುಲೈಯಲ್ಲಿ ನಿಮ್ಮ ಊರಲ್ಲಿ ಎಷ್ಟು ಮಳೆಯಾಯಿತು ಅನ್ನೋದು ನಿಮ್ಮ ತಂದೆಯವರ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಇರಲಾರದು.

ಮಗನ ಮೊಬೈಲನ್ನೇ ಕೆಲಸಕ್ಕೆ ಹಚ್ಚಿ. ಪ್ರತಿ ಪುಟದ ಫೋಟೋ ತೆಗೆಯಲಿ. ಆಮೇಲೆ ದಿನಕ್ಕೆ ಒಂದು ತಿಂಗಳಿನಂತೆ ಎಕ್ಸೆಲ್‌ನಲ್ಲಿ ತುಂಬಿಸಲಿ. ಒಂದೂವರೆ ವರ್ಷದೊಳಗೆ ಮುಗಿಯುತ್ತೆ. ತುಂಬಿಸಿದ ಮೇಲೆ ಅವನಿಗೆ ಮೂರು ಪ್ರಶ್ನೆ ಕೇಳಿ. ಜೂನ್‌ನಲ್ಲಿ ಮಳೆ ಬಿದ್ದ ದಿನಗಳು ಕಡಿಮೆಯಾಗಿವೆಯಾ? ಹವಾಮಾನ ಇಲಾಖೆ ಎರಡೂವರೆ ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ‘ಮಳೆ ದಿನ’ ಅನ್ನುತ್ತೆ, ನೀವೂ ಅದನ್ನೇ ಹಿಡಿಯಿರಿ. ಒಂದೇ ದಿನ ನಾಲ್ಕು ಇಂಚು ಮೀರಿದ್ದು ಹತ್ತು ವರ್ಷಕ್ಕೆ ಎಷ್ಟು ಸಲ? ಇನ್ನು ಮೂರನೆಯದು, ನಿಮ್ಮ ಅಡಿಕೆಗೆ ಬೇಕಾದ್ದು. ಮಳೆಗಾಲದ ನಡುವೆ ಎರಡು ಮೂರು ದಿನ ಮಳೆ ಬಿಟ್ಟು ಹೊಳವಾಗೋದು ಹೆಚ್ಚಾಗಿ ಯಾವ ವಾರದಲ್ಲಿ? ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಲು ಮರ ಹತ್ತುವ ಕೊನೆಗಾರನಿಗೆ ಯಾವಾಗ ಹೇಳಿಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಈ ಮೂರು ಉತ್ತರ ಅವನ ಕೈಯಿಂದಲೇ ಬಂದ ದಿನ ‘ಇದೆಲ್ಲ ಯಾಕೆ’ ಅನ್ನೋದು ನಿಲ್ಲುತ್ತೆ ಅಂತ ನನ್ನ ನಂಬಿಕೆ.

ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು. ಅಂಗಡಿಯ ಮಾಪಕವೇ ಬೇಕೆಂದಿಲ್ಲ. ಬಾಯಿಯ ಅಗಲ ಸರಿಯಾಗಿ 10 ಸೆಂ.ಮೀ. ಇರುವ ಒಂದು ಲಾಳಿಕೆ, ಕೆಳಗೆ ಒಂದು ಬಾಟಲಿ, ಮಿಲಿಲೀಟರ್ ಗುರುತು ಇರುವ ಔಷಧಿ ಅಳತೆಯ ಲೋಟ. ಇಷ್ಟು ಸಾಕು. ಆ ಲಾಳಿಕೆಯ ಬಾಯಿ ಎಪ್ಪತ್ತೆಂಟೂವರೆ ಚದರ ಸೆಂ.ಮೀ. ಆಗುತ್ತೆ. ಬಾಟಲಿಯಲ್ಲಿ 100 ಮಿ.ಲೀ. ನೀರು ಸಿಕ್ಕರೆ 12.7 ಮಿ.ಮೀ. ಮಳೆ, ಅಂದರೆ ಅರ್ಧ ಇಂಚು. ಬೆಳಗ್ಗೆ ಎಂಟೂವರೆಗೆ ಅಳೆಯಿರಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತೆ, ಹೋಲಿಸಿ ನೋಡಲು ಅನುಕೂಲ.

ಜಾಗ ಮಾತ್ರ ಬಯಲಾಗಿರಬೇಕು. ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ. ನಾನು ರಿಟೈರಾದ ವರ್ಷ ಅಂಗಳದ ಮೂಲೆಯಲ್ಲಿ ಇಟ್ಟೆ. ಎರಡು ಮಳೆಗಾಲ ಬಹಳ ಶಿಸ್ತಿನಿಂದ ಬರೆದೆ. ಆಚೆಮನೆಯವರ ಲೆಕ್ಕಕ್ಕಿಂತ ನನ್ನದು ಯಾವಾಗಲೂ ಕಡಿಮೆ. ಜೋರು ಗಾಳಿಯ ದಿನವಂತೂ ತೀರಾ ಕಡಿಮೆ. ಒಂದು ದಿನ ಕೊಡೆ ಹಿಡಿದು ಅಲ್ಲೇ ನಿಂತು ನೋಡಿದೆ. ಪಡುವಲ ಗಾಳಿಗೆ ಮಳೆ ಓರೆಯಾಗಿ ಬರುತ್ತಿತ್ತು. ಹನ್ನೆರಡು ಮಾರು ದೂರದ ಹಲಸಿನ ಮರ ಅದನ್ನು ತಡೆಯುತ್ತಿತ್ತು. ಆ ಎರಡು ವರ್ಷದ ಪುಟಗಳನ್ನು ನಾನು ಹರಿದು ಹಾಕಲಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ ‘ಹಲಸಿನ ಮರದ ಮರೆ’ ಅಂತ ಬರೆದಿಟ್ಟೆ. ಮುಂದೆ ನೋಡುವವರಿಗೆ ಗೊತ್ತಾಗಬೇಕಲ್ಲ.

ಇನ್ನು ನಕ್ಷತ್ರದ ವಿಷಯ. ಮಳೆ ನಕ್ಷತ್ರ ಮೂಢನಂಬಿಕೆ ಅಲ್ಲ, ಅದು ಕ್ಯಾಲೆಂಡರ್. ಸೂರ್ಯ ಆಕಾಶದಲ್ಲಿ ಒಂದು ಸುತ್ತು ಬರುವ ದಾರಿಯನ್ನು 27 ಪಾಲು ಮಾಡಿದರೆ ಒಂದೊಂದು ಪಾಲಿಗೆ ಹದಿಮೂರೂವರೆ ದಿನ. ಸೂರ್ಯ ಆರಿದ್ರಾ ಪಾಲಿಗೆ ಬರೋದು ಪ್ರತಿ ವರ್ಷ ಜೂನ್ 21, 22ರ ಹೊತ್ತಿಗೆ. ಹಬ್ಬಗಳು ಚಂದ್ರನನ್ನು ಹಿಡಿದು ಹೋಗುತ್ತವೆ, ಒಂದೊಂದು ವರ್ಷ ಇಪ್ಪತ್ತು ದಿನ ಹಿಂದೆ ಮುಂದೆ ಆಗುತ್ತವೆ. ಆರಿದ್ರಾ ಹಾಗೆ ಆಗೋದಿಲ್ಲ. ಅದಕ್ಕೇ ನಮ್ಮ ರೈತರು ಬಿತ್ತನೆಗೆ ತಿಥಿ ಹಿಡಿಯಲಿಲ್ಲ, ಮಳೆ ನಕ್ಷತ್ರ ಹಿಡಿದರು. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡಿ. ಮಳೆ ತರೋದು ಮಾತ್ರ ನಕ್ಷತ್ರ ಅಲ್ಲ, ಅರಬ್ಬೀ ಸಮುದ್ರದಿಂದ ಬರುವ ಗಾಳಿ. ನಕ್ಷತ್ರ ದಿನ ಹೇಳುತ್ತೆ.

ಆ ಕ್ಯಾಲೆಂಡರಿಗೂ ಒಂದು ಕೊರತೆ ಇದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುತ್ತೆ. ಒಂದು ಓಲಾಟಕ್ಕೆ ಸುಮಾರು 26,000 ವರ್ಷ. ಇದರಿಂದ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕದಿಂದ 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತೆ. ಆರನೇ ಶತಮಾನದ ಜ್ಯೋತಿಷ ಪಂಡಿತ ವರಾಹಮಿಹಿರನಿಗೇ ಇದು ಗೊತ್ತಾಗಿತ್ತು. ಸೂರ್ಯ ದಕ್ಷಿಣಕ್ಕೆ ತಿರುಗೋದು ಹಿಂದೆ ಆಶ್ಲೇಷದ ನಡುವೆ ಆಗುತ್ತಿತ್ತು, ಈಗ ಕರ್ಕಾಟಕ ರಾಶಿಯ ಮೊದಲಲ್ಲಿ ಆಗುತ್ತಿದೆ ಎಂದು ಬರೆದಿಟ್ಟಿದ್ದಾನೆ. ಅಂದರೆ ಪುನರ್ವಸು ನಕ್ಷತ್ರದ ಕೊನೆಯ ಪಾದ, ಕೊನೆಯ ಕಾಲು ಭಾಗ. ನಮ್ಮ ಕಾಲಕ್ಕೆ ಅದು ಆರಿದ್ರಾದ ಬಾಗಿಲಿಗೆ ಬಂದಿದೆ. ‘ಬಂದರೆ ಮಘೆ, ಇಲ್ಲದಿದ್ದರೆ ಹೊಗೆ’ ಎಂಬ ಗಾದೆ ಏಳುನೂರು ವರ್ಷ ಹಳೆಯದು ಅಂತಿಟ್ಟುಕೊಳ್ಳಿ. ಅದನ್ನು ಕಟ್ಟಿದವರ ಮಘೆಗಿಂತ ನಮ್ಮ ಮಘೆ ಹತ್ತು ದಿನ ತಡ. ಗಾದೆ ಇನ್ನೂ ನಿಮ್ಮ ತೋಟಕ್ಕೆ ಹೊಂದುತ್ತಾ? ನಿಮ್ಮ ತಂದೆಯವರು ನಕ್ಷತ್ರ ಬರೆದಿಟ್ಟಿರುವುದರಿಂದ ನೀವೇ ಕೂಡಿ ನೋಡಬಹುದು. ಆರಿದ್ರಾದಿಂದ ಸ್ವಾತಿಯವರೆಗೆ ಒಂದೊಂದು ಮಳೆಗೆ ಎಷ್ಟು ಇಂಚು, ಹತ್ತು ವರ್ಷಕ್ಕೊಮ್ಮೆ ಹೇಗೆ ಬದಲಾಗಿದೆ. ಮಾಡಿದರೆ ದಯವಿಟ್ಟು ನನಗೊಂದು ಪ್ರತಿ ಕಳಿಸಿ.

ಪ್ರಶ್ನೆ: ಬೇಳೆಗೆ ನಾಲ್ಕು ಕೂಗು, ಕಾಳಿಗೆ ಆರು ಕೂಗು ಅಂತ ಅತ್ತೆ ಹೇಳಿಕೊಟ್ಟಿದ್ದಾರೆ. ಗ್ಯಾಸ್ ಬೇಗ ಖಾಲಿಯಾಗುತ್ತೆ. ಏನಾದರೂ ಉಪಾಯ ಇದೆಯಾ?
– ಗೃಹಿಣಿ, ದಾವಣಗೆರೆ

ಉತ್ತರ: ಇದೆ. ಕೂಗು ಎಣಿಸೋದು ಬಿಟ್ಟು ನಿಮಿಷ ಎಣಿಸಿ. ಕುಕ್ಕರಿನ ಮೇಲಿನ ಭಾರದ ಬೊಂಡು ಒಳಗಿನ ಒತ್ತಡವನ್ನು ಒಂದು ಮಟ್ಟಕ್ಕಿಂತ ಮೇಲೆ ಹೋಗಲು ಬಿಡೋದಿಲ್ಲ. ಆ ಮಟ್ಟದಲ್ಲಿ ನೀರು ಸುಮಾರು 120 ಡಿಗ್ರಿ ಇರುತ್ತೆ. ಉರಿ ಎಷ್ಟೇ ಜೋರು ಮಾಡಿದರೂ ಒಳಗಿನ ಬಿಸಿ ಏರೋದಿಲ್ಲ, ಹಬೆ ಹೊರಗೆ ಹೋಗುತ್ತೆ. ಆ ಹಬೆ ನಿಮ್ಮ ಗ್ಯಾಸು. ಜೋರು ಉರಿಯಲ್ಲಿ ಒಂದು ಕೂಗು ಬರಲಿ, ಕೂಡಲೇ ಸಣ್ಣ ಮಾಡಿ, ಇನ್ನೊಂದು ಕೂಗು ಬಾರದಷ್ಟು ಸಣ್ಣ. ನೆನೆಸಿದ ತೊಗರಿಬೇಳೆಗೆ ನನ್ನ ಒಲೆಯಲ್ಲಿ ಎಂಟು ನಿಮಿಷ ಸಾಕು. ಆಮೇಲೆ ಆರಿಸಿ, ತಾನಾಗಿ ಇಳಿಯುವ ತನಕ ಮುಚ್ಚಳ ತೆಗೆಯಬೇಡಿ, ಆ ಹೊತ್ತಿನಲ್ಲೂ ಬೇಯುತ್ತಲೇ ಇರುತ್ತೆ. ಅತ್ತೆಯವರಿಗೆ ಒಂದು ದಿನ ಅವರ ಲೆಕ್ಕದ ಬೇಳೆ, ಒಂದು ದಿನ ಈ ಲೆಕ್ಕದ ಬೇಳೆ ಹಿಚುಕಿ ತೋರಿಸಿ. ಅವರೇ ಹೇಳುತ್ತಾರೆ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಎರಡನೇ ವರ್ಷ. ದಿನಾ ಎರಡು ಗಂಟೆ ಮೃದಂಗ. ಅವರಪ್ಪ ‘ಆ ಎರಡು ಗಂಟೆ ಕೋಡಿಂಗ್ ಕಲಿತರೆ ಕೆಲಸ ಸಿಗುತ್ತೆ’ ಅನ್ನುತ್ತಾರೆ. ಮನೆಯಲ್ಲಿ ದಿನಾ ಇದೇ ಜಗಳ. ನಾನು ಯಾರ ಪರ ಮಾತಾಡಲಿ?
– ತಾಯಿ, ಮೈಸೂರು

ಉತ್ತರ: ನಾನಂತೂ ಮೃದಂಗದ ಪರ. ಕಾರಣ ಹೇಳುತ್ತೇನೆ, ಅವರಪ್ಪನಿಗೂ ಓದಿ ಹೇಳಿ.

ಸಿ.ವಿ. ರಾಮನ್ ಅವರು 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದರು. ಹಗಲೆಲ್ಲ ಸರ್ಕಾರದ ಲೆಕ್ಕಪತ್ರ. ಬೆಳಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸಿನ ಮೇಲೆ ಕೋಲ್ಕತ್ತದ ಒಂದು ಪ್ರಯೋಗಶಾಲೆಯಲ್ಲಿ ಕೂತು ಪಿಟೀಲಿನ ತಂತಿ, ವೀಣೆಯ ತಂತಿ ಹೇಗೆ ಕಂಪಿಸುತ್ತವೆ ಅಂತ ನೋಡುತ್ತಿದ್ದರು. ಅವರಿಗೆ ಭೌತವಿಜ್ಞಾನವೇ ಹವ್ಯಾಸವಾಗಿತ್ತು, ಆ ಹತ್ತು ವರ್ಷ.

ಅವರು ಮೃದಂಗವನ್ನೂ ಬಿಡಲಿಲ್ಲ. ಸುಮ್ನೆ ಒಂದು ಚರ್ಮ ಬಿಗಿದು ಹೊಡೆದರೆ ಬರೋದು ಸದ್ದು, ಸ್ವರ ಅಲ್ಲ. ಅದರ ಮೂಲ ಕಂಪನ ಒಂದು ಅಂದರೆ ಅದರ ಮೇಲಿನವು 1.59, 2.14, 2.30 ಹೀಗೆ ಹೊಂದಿಕೆಯಿಲ್ಲದೆ ಬರುತ್ತವೆ. ತಂತಿಯಲ್ಲಿ ಆದರೆ 1, 2, 3, 4 ಅಂತ ಸರಿಯಾಗಿ ಬರುತ್ತವೆ, ಅದಕ್ಕೇ ಕಿವಿಗೆ ಇಂಪು. ನಮ್ಮ ಮೃದಂಗ ಮಾಡುವವರು ಚರ್ಮದ ನಡುವೆ ಕಪ್ಪು ಕಲ್ಲಿನ ಪುಡಿ ಮತ್ತು ಅನ್ನ ಅರೆದು ಪದರ ಪದರವಾಗಿ ಕರಣೆ ಹಾಕುತ್ತಾರಲ್ಲ, ಆ ಭಾರದಿಂದ ಚರ್ಮದ ಕಂಪನಗಳು ತಂತಿಯ ಹಾಗೆ ಸರಿಯಾದ ಲೆಕ್ಕಕ್ಕೆ ಬಂದು ಕೂರುತ್ತವೆ. ಮೊದಲ ಐದು ಹಾಗೆ ಹೊಂದುತ್ತವೆ. ರಾಮನ್ ಅವರು ಇದರ ಬಗ್ಗೆ 1920ರಲ್ಲಿ ಒಬ್ಬ ಸಂಗಡಿಗರ ಜೊತೆ ಬರೆದರು, 1934ರಲ್ಲಿ ಇನ್ನೂ ವಿವರವಾಗಿ ಬರೆದರು. ಸಮೀಕರಣ ಗೊತ್ತಿಲ್ಲದ ಕುಶಲಕರ್ಮಿಗಳು ಬರೀ ಕಿವಿಯಿಂದ ಕಂಡುಕೊಂಡದ್ದು ಅದು. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತೆ.

ನಿಮ್ಮ ಮಗನಿಗೆ ಒಂದು ಕೆಲಸ ಹೇಳಿ. ಬಲಗಡೆ ಮುಖ ಮೇಲೆ ಬರುವಂತೆ ಮೃದಂಗವನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಜರಡಿ ಹಿಡಿದ ಸಣ್ಣ ಮರಳು ತೆಳ್ಳಗೆ ಉದುರಿಸಲಿ. ಉಂಗುರದ ಬೆರಳನ್ನು ಕರಣೆಯ ಅಂಚಿಗೆ ಹಗುರವಾಗಿ ತಾಗಿಸಿ ತೋರುಬೆರಳಿನಿಂದ ‘ನಂ’ ಹೊಡೆಯಲಿ. ಮರಳು ಕುಣಿದು ಕುಣಿದು ಒಂದು ಗೆರೆಯಾಗಿ ನಿಲ್ಲುತ್ತೆ. ಅಲ್ಲಿ ಚರ್ಮ ಅಲುಗುತ್ತಿಲ್ಲ. ಬೆರಳಿನ ಜಾಗ ಬದಲಿಸಿದರೆ ಗೆರೆಯೂ ತಿರುಗುತ್ತೆ. ರಾಮನ್ ಅವರೂ ಮರಳಿನ ಗೆರೆಗಳನ್ನೇ ನೋಡಿದ್ದು. ಫೋನಿನಲ್ಲಿ ಆ ಸದ್ದನ್ನು ರೆಕಾರ್ಡ್ ಮಾಡಿ, ಅದರಲ್ಲಿ ಯಾವ ಯಾವ ಕಂಪನ ಇದೆ ಅಂತ ಬಿಡಿಸಿ ತೋರಿಸುವ ಪ್ರೋಗ್ರಾಮನ್ನು ಅವನೇ ಬರೆಯಲಿ. ಅವರಪ್ಪ ಕೇಳಿದ ಕೋಡಿಂಗ್ ಕೂಡ ಅಲ್ಲೇ ಬಂತು. ಬರೆಯದೇ ಹೋದರೂ ಪರವಾಗಿಲ್ಲ, ಎರಡು ಗಂಟೆ ಮೃದಂಗ ನುಡಿಸಲಿ. ಹತ್ತೊಂಬತ್ತರ ಹುಡುಗ ದಿನಾ ಎರಡು ಗಂಟೆ ಫೋನು ಬದಿಗಿಟ್ಟು ಒಂದು ಕೆಲಸದಲ್ಲಿ ಮುಳುಗುತ್ತಾನೆ ಅಂದರೆ ಅದಕ್ಕೆ ಬೆಲೆ ಕಟ್ಟಲಾಗದು ತಾಯಿ.

ಪ್ರಶ್ನೆ: ಮೊಬೈಲ್ ಟವರಿನಿಂದ ಗುಬ್ಬಚ್ಚಿ ನಾಶವಾಯಿತು ಅಂತಾರೆ. ನಿಜವೇ?
– ನಿವೃತ್ತ ಬ್ಯಾಂಕ್ ನೌಕರರು, ಬೆಂಗಳೂರು

ಉತ್ತರ: ಟವರಿಗೆ ಆ ಅಪರಾಧ ಹೊರಿಸಲು ಗಟ್ಟಿ ಆಧಾರ ಸಿಕ್ಕಿಲ್ಲ. ಸಾವಿರಾರು ಪಕ್ಷಿ ವೀಕ್ಷಕರ ಲೆಕ್ಕ ಸೇರಿಸಿ 2020ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯಲ್ಲಿ ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಇಳಿದಿದೆ ಎಂದಿದೆ. ನಮ್ಮ ಹಳ್ಳಿ ಪೇಟೆಯ ದಿನಸಿ ಅಂಗಡಿ ಮುಂದೆ ಟವರಿನ ಬುಡದಲ್ಲೇ ಗುಬ್ಬಚ್ಚಿ ಹಿಂಡು ಇದೆ. ನಗರದಲ್ಲಿ ಹಂಚಿನ ಸಂದಿ ಇಲ್ಲ, ಮರಿಗೆ ತಿನ್ನಿಸಲು ಹುಳ ಇಲ್ಲ. ಗುಬ್ಬಚ್ಚಿ ಕಾಳು ತಿಂದರೂ ಮರಿಗೆ ಕೊಡೋದು ಹುಳವನ್ನೇ. ಮನೆ ಮುಂದೆ ಸಿಮೆಂಟ್ ಹಾಕದ ನಾಲ್ಕು ಅಡಿ ಮಣ್ಣು, ಅದರಲ್ಲಿ ಒಂದಷ್ಟು ಗಿಡ ಬಿಡಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಹದಿನೈದು ನಿಮಿಷ ಕೂತು ಬಂದ ಹಕ್ಕಿ ಎಣಿಸಿ ಬರೆಯಿರಿ.

ಪ್ರಶ್ನೆ: ನಮ್ಮ ಮಾವನವರು ದಿನಾ ಕುಟುಂಬದ ವಾಟ್ಸಾಪ್ ಗುಂಪಿಗೆ ಏನೇನೋ ಕಳಿಸುತ್ತಾರೆ. ಮೊನ್ನೆ ‘ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆವರೆಗೆ ಕಾಸ್ಮಿಕ್ ಕಿರಣ ಭೂಮಿಯ ಹತ್ತಿರ ಹಾದುಹೋಗುತ್ತೆ, ಮೊಬೈಲ್ ಆಫ್ ಮಾಡಿ ದೂರ ಇಡಿ’ ಅಂತ. ತಪ್ಪು ಅಂತ ಬರೆದೆ. ಎರಡು ದಿನ ಮಾತು ಬಿಟ್ಟರು. ನಾನು ಎಂ.ಎಸ್ಸಿ. ಓದಿದವಳು, ಸುಮ್ಮನಿರಲಾ?
– ಹೆಸರು ಬೇಡ ಎಂದವರು, ಹುಬ್ಬಳ್ಳಿ

ಉತ್ತರ: ಸುಮ್ಮನಿರಬೇಡಿ. ನಾನು ಸುಮ್ಮನಿದ್ದು ಕೆಟ್ಟೆ. ನಮ್ಮ ದೊಡ್ಡಮ್ಮನವರು ಗುಂಪಿನಲ್ಲಿ ಬಂದ ಒಂದು ಕಷಾಯದ ಸಂದೇಶ ನಂಬಿ ಬಿ.ಪಿ. ಮಾತ್ರೆ ನಿಲ್ಲಿಸಿದರು. ಆ ಸಂದೇಶ ನಾನೂ ಓದಿದ್ದೆ. ‘ದೊಡ್ಡವರು, ಯಾಕೆ ಎದುರು ಮಾತು’ ಅಂತ ಮೇಲೆ ಸರಿಸಿ ಮುಂದಕ್ಕೆ ಹೋಗಿದ್ದೆ. ಇಪ್ಪತ್ತು ದಿನಕ್ಕೆ ಅವರು ಬಚ್ಚಲಲ್ಲಿ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯಿತು. ಈಗ ಕೋಲು ಹಿಡಿದು ಓಡಾಡುತ್ತಾರೆ. ಅವತ್ತಿನಿಂದ ನಾನು ಒಂದು ಕ್ರಮ ಮಾಡಿಕೊಂಡಿದ್ದೇನೆ. ಗುಂಪಿನಲ್ಲಿ ತಿದ್ದೋದಿಲ್ಲ, ಅದೇ ದಿನ ಫೋನ್ ಮಾಡುತ್ತೇನೆ. ಎಲ್ಲರೆದುರು ತಪ್ಪು ಅಂದರೆ ದೊಡ್ಡವರಿಗೆ ಮುಖ ಎಲ್ಲಿಡಬೇಕು ಗೊತ್ತಾಗೋದಿಲ್ಲ. ಎಪ್ಪತ್ತು ವರ್ಷದ ಮನುಷ್ಯ ಬೆಳಗ್ಗೆ ಎದ್ದು ಮನೆಯವರಿಗೆಲ್ಲ ಎಚ್ಚರಿಕೆ ಕಳಿಸೋದು ಪ್ರೀತಿಯಿಂದ. ಆ ಪ್ರೀತಿಗೆ ಮೊದಲು ಒಂದು ಮಾತು ಹೇಳಿ, ವಿಷಯ ಆಮೇಲೆ.

ಈ ಕಾಸ್ಮಿಕ್ ಸಂದೇಶ ಹತ್ತು ವರ್ಷಕ್ಕೂ ಮೇಲಿಂದ ಸುತ್ತುತ್ತಿದೆ. ಮಾವನವರಿಗೆ ಒಂದೇ ಒಂದು ಪ್ರಶ್ನೆ ಕೇಳಿ: ‘ಇವತ್ತು ರಾತ್ರಿ’ ಅಂತಿದೆ, ತಾರೀಖು ಎಲ್ಲಿದೆ ಮಾವ? ತಾರೀಖು ಇಲ್ಲದ ಎಚ್ಚರಿಕೆ ಎಂದೂ ಹಳತಾಗೋದಿಲ್ಲ. ಅದಕ್ಕೇ ಅದು ಸಾಯೋದಿಲ್ಲ.

ಆಮೇಲೆ ನಿಜ ಏನು ಅಂತ ಹೇಳಿ. ನಿಜ ಹೆಚ್ಚು ಚೆನ್ನಾಗಿದೆ. ಕಾಸ್ಮಿಕ್ ಕಿರಣ ಅಂದರೆ ಬಾಹ್ಯಾಕಾಶದಿಂದ ಬರುವ ಸಣ್ಣ ಕಣಗಳು. ಅವು ಇವತ್ತು ರಾತ್ರಿ ಮಾತ್ರ ಅಲ್ಲ, ಹಗಲೂ ರಾತ್ರಿ ಬೀಳುತ್ತಲೇ ಇವೆ. ಅವು ಮೇಲಿನ ಗಾಳಿಗೆ ಬಡಿದು ಹುಟ್ಟುವ ಮ್ಯುಯಾನ್ ಎಂಬ ಕಣಗಳು ನೀವು ಚಾಚಿದ ಅಂಗೈ ಮೂಲಕ ಸೆಕೆಂಡಿಗೆ ಒಂದೋ ಎರಡೋ ಹಾದುಹೋಗುತ್ತಿವೆ. ಚಾವಣಿ, ಗೋಡೆ ತಡೆಯೋದಿಲ್ಲ. ಅವುಗಳಿಂದ ತಪ್ಪಿಸಿಕೊಳ್ಳಲು ವಿಜ್ಞಾನಿಗಳು ಕಂಡುಕೊಂಡ ಜಾಗ ಎಲ್ಲಿ ಗೊತ್ತಾ? ನಮ್ಮ ಕೋಲಾರದ ಚಿನ್ನದ ಗಣಿ. ನೆಲದಿಂದ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ, ಚಾಂಪಿಯನ್ ರೀಫ್ ಗಣಿಯೊಳಗೆ ಉಪಕರಣ ಇಟ್ಟು ಕೂತರು. ಅಷ್ಟು ಕಲ್ಲು ಅಡ್ಡ ಇದ್ದರೆ ಮ್ಯುಯಾನ್‌ಗಳು ಬಹುತೇಕ ನಿಲ್ಲುತ್ತವೆ, ಉಳಿದದ್ದರಲ್ಲಿ, ಎಷ್ಟೇ ಕಲ್ಲಿದ್ದರೂ ದಾಟಿ ಬರುವ ನ್ಯೂಟ್ರಿನೋ ಎಂಬ ಕಣದ ಗುರುತು ಹುಡುಕಬಹುದು. 1965ರಲ್ಲಿ, ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಜಗತ್ತಿನಲ್ಲೇ ಮೊದಲು ಸಿಕ್ಕ ಜಾಗಗಳಲ್ಲಿ ಕೆ.ಜಿ.ಎಫ್. ಒಂದು. ಇದನ್ನು ನೀವು ಮಾವನವರಿಗೆ ಹೇಳಿ, ಗುಂಪಿಗೆ ಅವರೇ ಕಳಿಸಲಿ. ಅವರ ಹೆಸರಲ್ಲೇ ಹೋಗಲಿ. ನಾನು ನಮ್ಮ ಚಿಕ್ಕಪ್ಪನವರಿಗೆ ಹೀಗೆ ಮಾಡುತ್ತಾ ಬಂದು ಒಂದು ವರ್ಷವಾಯಿತು. ಈಗ ಅವರು ಕಳಿಸುವ ಮುಂಚೆ ನನಗೆ ಫೋನ್ ಮಾಡಿ ‘ಇದು ಹೌದೇನೇ?’ ಅಂತ ಕೇಳುತ್ತಾರೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಗ್ರಹಣದ ದಿನ ಅಜ್ಜಿ ಊಟ ಮಾಡಲು ಬಿಡೋದಿಲ್ಲ. ಹಾಲಿಗೆ, ಉಪ್ಪಿನಕಾಯಿಗೆ ದರ್ಭೆ ಹಾಕುತ್ತಾರೆ. ಅಜ್ಜಿಗೆ ಹೇಗೆ ಹೇಳೋದು ಮಿಸ್?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಮಗಾ, ಹೇಳಬೇಡ, ಜೊತೆಗೆ ಕೂತು ನೋಡು. ಚಂದ್ರಗ್ರಹಣ ಅಂದರೆ ನಮ್ಮ ಭೂಮಿಯ ನೆರಳು ಚಂದ್ರನ ಮೇಲೆ ಬೀಳೋದು. ನೆರಳಿಗೆ ಹಾಲು ಕೆಡಿಸುವ ಶಕ್ತಿ ಇಲ್ಲ. ಮುಂದಿನ ಗ್ರಹಣಕ್ಕೆ ಎರಡು ಲೋಟ ಹಾಲು ಒಂದೇ ಪಾತ್ರೆಯಿಂದ ತೆಗೆದುಕೊ. ಒಂದಕ್ಕೆ ದರ್ಭೆ, ಒಂದಕ್ಕೆ ಇಲ್ಲ. ಪಕ್ಕ ಪಕ್ಕ ಇಡು. ಗ್ರಹಣ ಇಲ್ಲದ ಇನ್ನೊಂದು ದಿನವೂ ಹಾಗೇ ಮಾಡು. ಯಾವುದು ಯಾವಾಗ ಕೆಟ್ಟಿತು, ವಾಸನೆ ಹೇಗಿತ್ತು, ಅಜ್ಜಿಯ ಹತ್ತಿರವೇ ಬರೆಸು. ಅಜ್ಜಿಗೆ ಹೊಟ್ಟೆ ತೊಂದರೆ ಇಲ್ಲದಿದ್ದರೆ ಅವರು ಉಪವಾಸ ಇರೋದು ಅವರಿಷ್ಟ. ಆದರೆ ಸಕ್ಕರೆ ಕಾಯಿಲೆಯವರು, ಬಸುರಿಯರು, ಚಿಕ್ಕ ಮಕ್ಕಳು ಊಟ ಬಿಡಬಾರದು, ಇದನ್ನು ಮಾತ್ರ ಮನೆಯಲ್ಲಿ ಗಟ್ಟಿಯಾಗಿ ಹೇಳು.

ನಿನಗೆ ನನ್ನದೊಂದು ವಿಷಯ ಹೇಳಬೇಕು. 1980ರ ಫೆಬ್ರವರಿ 16. ಅವತ್ತು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆ ಕಡೆಯಿಂದ ಬಂದು ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ದೇಶ ವಿದೇಶದ ವಿಜ್ಞಾನಿಗಳು ಅದನ್ನು ನೋಡಲು ನಮ್ಮ ರಾಜ್ಯಕ್ಕೆ ಬಂದಿದ್ದರು. ನಾನು ಹುಬ್ಬಳ್ಳಿಯಲ್ಲೇ ಇದ್ದೆ, ಬಿ.ಎಸ್ಸಿ. ಓದುತ್ತಿದ್ದೆ. ಹಾಸ್ಟೆಲಿನವರು ನಮ್ಮನ್ನೆಲ್ಲ ಕೋಣೆಯಲ್ಲಿ ಕೂಡಿಹಾಕಿ ಕಿಟಕಿಗೆ ಹಳೆ ಪೇಪರ್ ಅಂಟಿಸಿದರು. ಮಧ್ಯಾಹ್ನ ಮೂರೂವರೆ ದಾಟಿತ್ತು. ಬಾಗಿಲ ಕೆಳಗಿನ ಬೆಳಕಿನ ಗೆರೆ ತೆಳ್ಳಗಾಗುತ್ತಾ ಹೋಗಿ ಕಪ್ಪಾಯಿತು. ಹೊರಗೆ ಕಾಗೆಗಳು ಒಮ್ಮೆಲೇ ಕೂಗಿ ಸುಮ್ಮನಾದವು. ರಸ್ತೆಯಲ್ಲಿ ಒಂದು ಸೈಕಲ್ ಸದ್ದೂ ಇರಲಿಲ್ಲ. ಎರಡು ನಿಮಿಷದ ಮೇಲೆ ಗೆರೆ ಮತ್ತೆ ಬೆಳ್ಳಗಾಯಿತು. ನನ್ನ ತಲೆಯ ಮೇಲೆಯೇ ಆದ ಪೂರ್ಣ ಗ್ರಹಣದಲ್ಲಿ ನಾನು ನೋಡಿದ್ದು ಅಷ್ಟೇ, ಬಾಗಿಲ ಕೆಳಗಿನ ಒಂದು ಗೆರೆ.

2019ರ ಡಿಸೆಂಬರ್ 26ಕ್ಕೆ ಮಂಗಳೂರಿನಲ್ಲಿ ಕಂಕಣ ಗ್ರಹಣ ಅಂತ ಗೊತ್ತಾದಾಗ ಕಾಲೇಜಿನ ನಲವತ್ತು ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಒಬ್ಬೊಬ್ಬರ ಕೈಗೂ ಗ್ರಹಣದ ಕನ್ನಡಕ. ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಬಾರದು, ಎಕ್ಸ್‌ರೇ ಫಿಲ್ಮೂ ಬೇಡ, ನೆನಪಿಡು. ಒಂಬತ್ತೂವರೆಗೆ ಸ್ವಲ್ಪ ಮುಂಚೆ ಉಂಗುರ ಕೂಡಿಕೊಂಡಿತು. ಮಕ್ಕಳು ಕಿರುಚಿದರು. ಆಮೇಲೆ ಎಲ್ಲರೂ ಅಲ್ಲೇ ಕಡಲ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಚಿತ್ರಾನ್ನ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ನಮ್ಮ ಅಂಗಳದಲ್ಲಿ ಮೋಡದ ಸಂದಿಯಿಂದ ಹನ್ನೊಂದು ಗಂಟೆ ಮೇಲೆ ತಾಮ್ರದ ಬಣ್ಣದ ಚಂದ್ರ ಕಂಡ. ತೊಂಬತ್ತರ ಹತ್ತಿರದ ನಮ್ಮಮ್ಮ ಶಾಲು ಹೊದ್ದು ಕುರ್ಚಿಯಲ್ಲಿ ಕೂತು ನೋಡಿದರು. ಅವರು ಏನೂ ತಿನ್ನಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನೋಡಿದರಲ್ಲ, ಅದು ದೊಡ್ಡದು. ನಿಮ್ಮ ಅಜ್ಜಿಗೂ ಒಂದು ಕುರ್ಚಿ ಹಾಕು.

ಪ್ರಶ್ನೆ: ರಿಟೈರಾಗಿ ಆರು ತಿಂಗಳಾಯಿತು. ಮಗಳು ಶಿಕಾಗೋದಲ್ಲಿದ್ದಾಳೆ. ಫೋನ್ ಮಾಡಿದರೆ ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಬಿಟ್ಟರೆ ಮಾತಿಲ್ಲ. ಹೊತ್ತು ಹೋಗಲು ಖರ್ಚಿಲ್ಲದ ಹವ್ಯಾಸ ಹೇಳಿ.
– ಹೆಸರು ಬೇಡ ಎಂದವರು, ಶಿವಮೊಗ್ಗ

ಉತ್ತರ: ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲು ಬೇಕು. ನಿಮ್ಮ ತಾರಸಿಯಲ್ಲಿ ಒಂದು, ಮಗಳ ಮನೆಯ ಬಯಲಲ್ಲಿ ಒಂದು.

ಶಿವಮೊಗ್ಗದಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಕ್ಷಣಕ್ಕೆ ನೆಟ್ಟಗೆ ನಿಂತ ಕೋಲಿಗೆ ನೆರಳಿರೋದಿಲ್ಲ. ಬೆಂಗಳೂರಿಗೆ ಅದು ಏಪ್ರಿಲ್ 24, ನಿಮಗೆ 27ರ ಆಸುಪಾಸು. ಎರಡನೆಯದು ಆಗಸ್ಟ್ ನಡುವೆ, ಆಗ ಮೋಡ ಬಿಡೋದಿಲ್ಲ. ಹಾಗಾಗಿ ಈ ತಿಂಗಳೇ ಮಾಡಿ. ಹೊತ್ತು 12 ಗಂಟೆ 25 ನಿಮಿಷ. ಇವತ್ತಿನಿಂದಲೇ ದಿನಾ ಆ ಹೊತ್ತಿಗೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬನ್ನಿ, ಅದು ಬುಡಕ್ಕೆ ಸರಿಯುತ್ತಾ ಬರೋದು ಕಾಣುತ್ತೆ. ಕೋಲು ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ನೋಡಿ.

ಮಗಳ ಊರಲ್ಲಿ ಈ ದಿನ ಬರೋದೇ ಇಲ್ಲ, ಅದು ಅಷ್ಟು ಉತ್ತರಕ್ಕಿದೆ. ಅದೇ 27ಕ್ಕೆ ಅವಳ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 48 ನಿಮಿಷಕ್ಕೆ ಅವಳ ಕೋಲಿನ ನೆರಳು ಅಳೆಯಲು ಹೇಳಿ. 53 ಸೆಂ.ಮೀ. ಹತ್ತಿರ ಬರಬೇಕು. ಆ ನೆರಳಿನ ಕೋನ 28 ಡಿಗ್ರಿ. ನೀವಿರುವ ಅಕ್ಷಾಂಶದಿಂದ ಅವಳಿರುವ ಅಕ್ಷಾಂಶಕ್ಕೆ ನಕ್ಷೆಯಲ್ಲಿ ನೇರ ಉತ್ತರಕ್ಕೆ ಅಳೆದರೆ ಸುಮಾರು 3,100 ಕಿ.ಮೀ. 28 ಡಿಗ್ರಿಗೆ 3,100 ಆದರೆ 360ಕ್ಕೆ ಎಷ್ಟು? ಇಬ್ಬರೂ ಫೋನಿನಲ್ಲೇ ಗುಣಿಸಿ ನೋಡಿ, ಭೂಮಿಯ ಸುತ್ತಳತೆ ಸಿಗುತ್ತೆ, 40,000 ಕಿ.ಮೀ.ಗೆ ಬಹಳ ಹತ್ತಿರ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಪಂಡಿತ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರಿನ ನೆರಳು ಹಿಡಿದು ಮಾಡಿದ್ದು ಇದೇ ಲೆಕ್ಕ.

ಅಲ್ಲಿ ಅವತ್ತು ಮೋಡ ಇದ್ದರೆ ಮಾರನೇ ದಿನ ಇಬ್ಬರೂ ಅಳೆಯಿರಿ. ಆಗ ನಿಮ್ಮ ಕೋಲಿಗೂ ಅರ್ಧ ಸೆಂಟಿಮೀಟರಿನಷ್ಟು ನೆರಳು ಬಂದಿರುತ್ತೆ, ದಕ್ಷಿಣದ ಕಡೆಗೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೇಗೆ ಅಂತ ಮೊದಲು ಮಗಳನ್ನು ಕೇಳಿ.